ಕರಿಬೇವನ್ನು ಸ್ವಲ್ಪ ಹುಳ ತಿನ್ನಲಿ ಬಿಡಿ

ನರ್ಸರಿಗೆ ಹೋಗಿ ‘ಚಿಟ್ಟೆ ಬರೋ ಗಿಡ ಕೊಡಿ’ ಎಂದು ಕೇಳಿ ನೋಡಿ. ಬಣ್ಣಬಣ್ಣದ ಹೂವಿನ ಕುಂಡಗಳನ್ನೇ ಕೊಡುತ್ತಾರೆ. ಕೊಂಡು ತಂದರೆ ಚಿಟ್ಟೆ ಬರುತ್ತದೆ, ಮಕರಂದ ಕುಡಿಯುತ್ತದೆ, ಹೋಗುತ್ತದೆ. ಹೂವು ಅದಕ್ಕೆ ಹೋಟೆಲ್ ಇದ್ದ ಹಾಗೆ. ಅದು ಮೊಟ್ಟೆ ಇಡುವುದು ತನ್ನ ಮರಿ ತಿನ್ನುವ ಎಲೆಯ ಮೇಲೆ. ಹುಳ ಇದ್ದರೆ ಹಕ್ಕಿಯೂ ಬರುತ್ತದೆ. ದಿನವಿಡೀ ಮಕರಂದ ಹೀರುವ ಸೂರಕ್ಕಿ ಕೂಡ ತನ್ನ ಮರಿಗಳಿಗೆ ಹಿಡಿದು ತರುವುದು ಹುಳ ಮತ್ತು ಜೇಡವನ್ನೇ. ಕಾಳು ತಿನ್ನುವ ಗುಬ್ಬಚ್ಚಿಯ ಮರಿಗೂ ಹುಳವೇ ಬೇಕು. ಹಾಗಾಗಿ ಕೈತೋಟದ ಕೆಲಸ ಎಲೆಯಿಂದ ಶುರುವಾಗಲಿ.

ಮೊದಲು ಎಲೆ

ಮನೆಯಲ್ಲಿ ಕರಿಬೇವು ಅಥವಾ ನಿಂಬೆ ಇದ್ದರೆ ಅರ್ಧ ಕೆಲಸ ಆದಂತೆಯೇ. ಚಿಗುರೆಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಕಂದು-ಬಿಳಿ ಚುಕ್ಕೆ ಕಂಡರೆ ಒರೆಸಬೇಡಿ, ಹತ್ತಿರ ಹೋಗಿ ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳ ಇರಬಹುದು. ಹಕ್ಕಿ ತಿನ್ನದಿರಲಿ ಎಂದೇ ಈ ವೇಷ. ಬೆಳೆದ ಮೇಲೆ ಎಲೆಯದೇ ಹಸಿರಿಗೆ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು-ಕಿತ್ತಳೆ ಬಣ್ಣದ ಕವಲು ಹೊರಗೆ ಚಾಚುತ್ತದೆ. ಜೊತೆಗೆ ಘಾಟು ವಾಸನೆ! ಮಕ್ಕಳಿಗೆ ತೋರಿಸಿ, ಆದರೆ ಪದೇ ಪದೇ ಬೇಡ. ಸುಮಾರು ಎರಡು ವಾರ ತಿಂದು ಅದು ಕೋಶ ಕಟ್ಟುತ್ತದೆ. ಗಿಡ ತೀರಾ ಚಿಕ್ಕದಾಗಿದ್ದರೆ ಒಂದೆರಡು ಹುಳ ಬಿಟ್ಟು ಉಳಿದವನ್ನು ಬೇರೆ ಕರಿಬೇವಿಗೆ ದಾಟಿಸಿ. ದೊಡ್ಡ ಗಿಡವಾದರೆ ಚಿಂತೆ ಬೇಡ, ಮತ್ತೆ ಚಿಗುರುತ್ತದೆ. ಒಗ್ಗರಣೆಗೇನೂ ಕೊರತೆ ಆಗುವುದಿಲ್ಲ.

ಜಾಗ ಇದ್ದವರು ಇನ್ನೂ ಕೆಲವು ಸೇರಿಸಬಹುದು. ಕಾಂಪೌಂಡಿನ ಮೂಲೆಗೆ ಎಕ್ಕ. ಬಯಲುಸೀಮೆಯ ಒಣ ನೆಲಕ್ಕೆ ತಂಗಡಿ. ಹಳದಿ ಚಿಟ್ಟೆಗಳಿಗೆ ಅದು ಬೇಕು. ದೇವರ ಪೂಜೆಗೆಂದು ನೆಟ್ಟ ನಂದಿಬಟ್ಟಲಲ್ಲಿ ದೊಡ್ಡ ಕಣ್ಣಿನಂಥ ಗುರುತಿರುವ ದಪ್ಪ ಹಸಿರು ಹುಳ ಸಿಗಬಹುದು. ಅದು ಹಾಕ್‌ಮಾತ್ ಎಂಬ ಪತಂಗದ ಮರಿ, ಕಚ್ಚುವುದಿಲ್ಲ. ಮಲೆನಾಡಿನ ಕಡೆಯವರು ಈಶ್ವರಿ ಬಳ್ಳಿ ಹಬ್ಬಿಸಿ ನೋಡಿ. ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್‌ನ ಮರಿಗಳು ತಿನ್ನುವುದು ಆ ಜಾತಿಯ ಬಳ್ಳಿಗಳನ್ನೇ.

ಆಮೇಲೆ ಹೂವು

ಗುಂಡಗೆ ತುಂಬಿಕೊಂಡ ಬಹು ಎಸಳಿನ ದಾಸವಾಳಕ್ಕಿಂತ ಐದೆಸಳಿನ ನಾಟಿ ದಾಸವಾಳ ಮೇಲು. ಎಸಳು ಜಾಸ್ತಿಯಾದಷ್ಟೂ ಒಳಗಿನ ಮಕರಂದ ತಲುಪುವುದು ಕಷ್ಟ. ತುಳಸಿ, ಕಾಮಕಸ್ತೂರಿ, ಕೇಪಳ, ರತ್ನಗಂಧಿ, ನುಗ್ಗೆ ಎಲ್ಲವೂ ಒಳ್ಳೆಯವೇ. ತುಳಸಿಯ ಕದಿರನ್ನು ಎಲ್ಲಾ ಚಿವುಟಿ ಹಾಕಬೇಡಿ, ಕೆಲವನ್ನು ತುಡುವೆ ಜೇನಿಗೆ ಬಿಡಿ. ಕೊತ್ತಂಬರಿಯನ್ನೂ ಪೂರ್ತಿ ಕೀಳದೆ ನಾಲ್ಕು ಗಿಡ ಹೂ ಬಿಡಲಿ. ಅದರ ಪುಟ್ಟ ಬಿಳಿ ಹೂವಿಗೆ ಬರುವ ಹೂನೊಣಗಳಲ್ಲಿ ಅನೇಕವುಗಳ ಮರಿಗಳು ಗಿಡದ ಹೇನು ತಿನ್ನುತ್ತವೆ. ಲಂಟಾನ ಮಾತ್ರ ಬೇಡ. ಚಿಟ್ಟೆ ಬರುತ್ತದೆ ನಿಜ, ಆದರೆ ಅದು ನಮ್ಮ ಕಾಡುಗಳನ್ನೇ ನುಂಗುತ್ತಿರುವ ಕಳೆ.

ಬದನೆ, ಟೊಮ್ಯಾಟೊ ಬೆಳೆಯುವವರು ಇದನ್ನು ಗಮನಿಸಿ. ಇವುಗಳ ಪರಾಗ, ಕೇಸರದ ತುದಿಯ ಕಿರಿದಾದ ಕಿಂಡಿಯ ಕಡೆಯಿಂದ ಉದುರಬೇಕು. ಚೆನ್ನಾಗಿ ಅಲುಗಿಸಿದರೇ ಉದುರುತ್ತದೆ. ತುಡುವೆ ಜೇನಿಗೆ ಆ ವಿದ್ಯೆ ಇಲ್ಲ. ಕಪ್ಪು ದುಂಬಿಗೂ ಗುಂಪಾಗಿ ಗೂಡು ಕಟ್ಟದ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನಿಗೂ ಇದೆ. ಹೂವನ್ನು ಅಪ್ಪಿ ಹಿಡಿದು ‘ಜುಂಯ್’ ಎಂದು ಮೈ ನಡುಗಿಸುತ್ತವೆ, ಪರಾಗ ಉದುರುತ್ತದೆ. ಸಂಜೆ ತೋಟದಲ್ಲಿ ಓಡಾಡಿದರೆ ಈ ನೀಲಿಪಟ್ಟೆಯ ಗಂಡುಗಳು ಒಣ ಕಡ್ಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಸಾಲಾಗಿ ನಿದ್ದೆ ಮಾಡುವುದನ್ನೂ ನೋಡಬಹುದು.

ರಾತ್ರಿ ಪಾಳಿ

ಸೋರೆ ಹೀಚು ಹಳದಿಯಾಗಿ ಉದುರುತ್ತಿದ್ದರೆ ಗೊಬ್ಬರ ಸುರಿಯುವ ಮೊದಲು ಒಂದು ಸಂಜೆ ಬಳ್ಳಿಯ ಹತ್ತಿರ ನಿಂತು ನೋಡಿ. ಸೋರೆಯ ಬಿಳಿ ಹೂವು ಅರಳುವುದೇ ಸಂಜೆ, ಮರುದಿನ ಬಾಡುತ್ತದೆ. ಪಡವಲವೂ ಸಂಜೆಯ ಹೂವೇ. ಪರಾಗ ದಾಟಿಸಿ ಕಾಯಿ ಕಚ್ಚಿಸಲು ಇವಕ್ಕೆ ಬೇಕಾದವು ಪತಂಗಗಳು. ಹಾಕ್‌ಮಾತ್ ಹೂವಿನ ಮೇಲೆ ಕೂರುವುದೂ ಇಲ್ಲ. ಗಾಳಿಯಲ್ಲೇ ನಿಂತು ಉದ್ದನೆಯ ಸೊಂಡಿಲು ಚಾಚಿ ಕುಡಿಯುತ್ತದೆ. ಪಪ್ಪಾಯಿ, ಪಾರಿಜಾತದ ಹೂವಿಗೂ ಇವೇ ಬರುತ್ತವೆ.

ಆದರೆ ಕಾಂಪೌಂಡಿನ ಮೇಲೆ ಬೆಳಗಿನವರೆಗೂ ಬಿಳಿ ಎಲ್‌ಇಡಿ ಉರಿಯುತ್ತಿದ್ದರೆ ಪತಂಗ ಹೂವು ಬಿಟ್ಟು ಬಲ್ಬಿಗೇ ಸುತ್ತುತ್ತದೆ. ಬೇಕಾದಾಗ ಮಾತ್ರ ಹಾಕಿ. ಹಾಕಲೇಬೇಕಾದರೆ ಹಳದಿ ಬೆಳಕು, ಅದೂ ನೆಲದ ಕಡೆಗೆ. ಪತಂಗ ಮತ್ತೆ ಬರುವವರೆಗೆ ಸಂಜೆ ಸೋರೆಯ ಗಂಡು ಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒತ್ತಿದರೆ ಈ ಸಲದ ಪಲ್ಯಕ್ಕೆ ಮೋಸವಿಲ್ಲ.

ಗುಡಿಸುವುದು ಸ್ವಲ್ಪ ಕಡಿಮೆ ಮಾಡಿ

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದೇ ಅಂಗೈ ಅಗಲ ಜಾಗ. ಅದಕ್ಕೂ ಟೈಲ್ಸ್ ಹಾಕಿಸುತ್ತಾರೆ. ಯಾಕೋ ಗೊತ್ತಿಲ್ಲ! ಒಂಟಿ ಜೇನುಗಳಲ್ಲಿ ಅನೇಕವು ಗೂಡು ತೋಡುವುದು ಮಣ್ಣಿನಲ್ಲೇ. ಹಾಕ್‌ಮಾತ್‌ಗಳಲ್ಲೂ ಹಲವು ಕೋಶವಾಗುವುದು ಮಣ್ಣು, ತರಗೆಲೆಗಳ ಅಡಿಯಲ್ಲಿ. ಬಿಸಿಲು ಬೀಳುವ ಒಂದು ಮೂಲೆಯ ಮಣ್ಣನ್ನು ಅಗೆಯದೆ ಬಿಡಿ, ಗಿಡದ ಬುಡಕ್ಕೆ ತರಗೆಲೆ ಬಿದ್ದಿರಲಿ. ಗುಲಾಬಿ ಎಲೆಯ ಅಂಚನ್ನು ಯಾರೋ ಕತ್ತರಿಯಿಂದ ದುಂಡಗೆ ಕತ್ತರಿಸಿದಂತೆ ಕಂಡರೆ ಅದು ಎಲೆಕತ್ತರಿ ಜೇನಿನ ಕೆಲಸ. ಗಿಡಕ್ಕೆ ಏನೂ ಆಗುವುದಿಲ್ಲ. ಒಂದು ತುದಿ ಮುಚ್ಚಿರುವ ಸಣ್ಣ ಬಿದಿರಿನ ತುಂಡುಗಳನ್ನು ಕಟ್ಟಿ, ಮಳೆ ತಾಗದ ಕಡೆ ನೇತುಹಾಕಿದರೆ ಈ ಜೇನು ಅಲ್ಲೇ ಮನೆ ಮಾಡಬಹುದು. ಜೇಡರ ಬಲೆಯನ್ನೂ ಎಲ್ಲಾ ತೆಗೆಯಬೇಡಿ. ಸೂರಕ್ಕಿ ಗೂಡು ಕಟ್ಟಲು ಅದನ್ನೇ ಕೊಂಡೊಯ್ಯುತ್ತದೆ.

ನೀರು, ಔಷಧಿ

ಅಗಲವಾದ ಮಣ್ಣಿನ ತಟ್ಟೆಗೆ ಎರಡು ಬೆರಳಷ್ಟು ನೀರು, ನೀರಿನಿಂದ ಮೇಲೆ ತಲೆ ಎತ್ತುವ ನಾಲ್ಕು ಕಲ್ಲು. ಕಲ್ಲಿಲ್ಲದಿದ್ದರೆ ಜೇನು ಮುಳುಗುತ್ತದೆ. ಎರಡು ದಿನಕ್ಕೊಮ್ಮೆ ಉಜ್ಜಿ ನೀರು ಬದಲಿಸಿ, ಸೊಳ್ಳೆ ಮರಿ ಬೆಳೆಯುವುದಿಲ್ಲ. ಬೆಕ್ಕು ಅಡಗುವ ಪೊದೆಯ ಪಕ್ಕ ಮಾತ್ರ ಇಡಬೇಡಿ.

ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಔಷಧಿ ಗಿಡದೊಳಗೇ ಇಳಿದು ಪರಾಗ, ಮಕರಂದಕ್ಕೂ ಸೇರುತ್ತದೆ. ಐರೋಪ್ಯ ಒಕ್ಕೂಟ 2018ರಲ್ಲಿ ಹೊಲದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಕೈತೋಟಕ್ಕೆ ಅದು ಬೇಡವೇ ಬೇಡ. ಬೇವಿನೆಣ್ಣೆಯೂ ಚಿಟ್ಟೆ ಮರಿಗೆ ಕೇಡೇ. ಹೇನು ಬಿದ್ದ ಕೊಂಬೆಗಷ್ಟೇ, ಜೇನು ಹಾರಾಟ ನಿಂತ ಮೇಲೆ ಸಿಂಪಡಿಸಿ.

ಎಲ್ಲಾ ಹುಳವನ್ನೂ ಸಹಿಸಬೇಕು ಅಂತಲ್ಲ. ನುಗ್ಗೆ ಮರದ ಕಂಬಳಿಹುಳದ ರೋಮ ತಾಗಿದರೆ ಮೈಯೆಲ್ಲ ತುರಿಕೆ. ಹಗಲಲ್ಲಿ ಅವು ಕಾಂಡದ ಮೇಲೆ ಗುಂಪಾಗಿ ಅಂಟಿಕೊಂಡಿರುತ್ತವೆ. ತುಂಬು ತೋಳಿನ ಅಂಗಿ ಹಾಕಿ, ಉದ್ದ ಕೋಲಿನಿಂದ ಸೋಪು ನೀರಿನ ಬಕೆಟ್ಟಿಗೆ ಕೆಡವಿ. ಮಕ್ಕಳನ್ನು ದೂರ ನಿಲ್ಲಿಸಿ.