ಮೊದಲು ಬಿಲ್ ಕೇಳಿ: ಫ್ಲಾರಿಡಾದಲ್ಲಿ ಶಿಕ್ಷೆ ಮುಗಿಸಿದವರಿಗೆ ಮತದ ಹಕ್ಕು ಮರಳಿ ಕೊಡಿಸುವ ಬಗೆ

ನಾನು ತುಮಕೂರಿನ ಮಂಡಿ ವ್ಯಾಪಾರಿಯ ಮಗಳು. ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆದು ನಿವೃತ್ತಳಾದವಳು. ಮುಕ್ತ ಮಾರುಕಟ್ಟೆಯಲ್ಲಿ ನನಗೆ ನಂಬಿಕೆ ಇದೆ, ಸರ್ಕಾರದ ಕೈ ಉದ್ದವಾದಷ್ಟೂ ನನಗೆ ಅನುಮಾನ ಹೆಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೈಲಿನಿಂದ ಹೊರಬಂದವರ ಕಾಗದಪತ್ರ ನೋಡಿಕೊಡುತ್ತೇನೆ ಎಂದು ತಿಳಿದ ದಿನದಿಂದ ಪರಿಚಯದ ಕನ್ನಡಿಗರಲ್ಲಿ ಅರ್ಧ ಜನ ನನ್ನನ್ನು ಸಮಾಜವಾದಿಗಳ ಪಟ್ಟಿಗೆ ಸೇರಿಸಿದ್ದಾರೆ. ಉಳಿದರ್ಧ ಜನ, "ಅದನ್ನು ಮಾಡುವುದು ಹೇಗೆ, ನಾವೂ ಬರಬಹುದೇ?" ಎಂದು ಕೇಳಿದ್ದಾರೆ. ಈ ಬರಹ ಅವರಿಗಾಗಿ.

ಹಿನ್ನೆಲೆ ಇಷ್ಟು. 2018ರ ನವೆಂಬರ್‌ನಲ್ಲಿ ಫ್ಲಾರಿಡಾದ ಮತದಾರರು ರಾಜ್ಯದ ಸಂವಿಧಾನಕ್ಕೆ "ನಾಲ್ಕನೇ ತಿದ್ದುಪಡಿ" ಎಂಬ ಬದಲಾವಣೆಯನ್ನು ಶೇ. 64ಕ್ಕೂ ಹೆಚ್ಚು ಮತಗಳಿಂದ ಒಪ್ಪಿದರು. ಫೆಲನಿ, ಅಂದರೆ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಶಿಕ್ಷೆಯ ಎಲ್ಲ ಷರತ್ತುಗಳನ್ನು ಪೂರೈಸಿದ ಮೇಲೆ ಮತ ಹಾಕಬಹುದು ಎಂದಾಯಿತು. ಕೊಲೆ ಮತ್ತು ಲೈಂಗಿಕ ಅಪರಾಧಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅವರು ರಾಜ್ಯಪಾಲರ ಕ್ಷಮಾದಾನ ಮಂಡಳಿಯ ಬಾಗಿಲನ್ನೇ ತಟ್ಟಬೇಕು. ಸುಮಾರು 14 ಲಕ್ಷ ಜನರಿಗೆ ಹಕ್ಕು ಮರಳುತ್ತದೆ ಎಂಬ ಅಂದಾಜಿತ್ತು. 2019ರ ಜೂನ್‌ನಲ್ಲಿ ಶಾಸನಸಭೆಯ ಹೊಸ ಕಾಯ್ದೆಗೆ ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ಸಹಿ ಹಾಕಿದರು. "ಎಲ್ಲ ಷರತ್ತು" ಎಂದರೆ ದಂಡ, ನ್ಯಾಯಾಲಯದ ಶುಲ್ಕ, ನೊಂದವರಿಗೆ ಕೊಡಬೇಕಾದ ಪರಿಹಾರ, ಎಲ್ಲವೂ ಸೇರಿದ್ದು ಎಂದು ಅದು ಹೇಳಿತು. ಇದು ದುಡ್ಡು ಕೊಟ್ಟು ಮತ ಹಾಕುವ ವ್ಯವಸ್ಥೆ ಎಂದು ನ್ಯಾಯಾಧೀಶ ರಾಬರ್ಟ್ ಹಿಂಕಲ್ 2020ರ ಮೇ ತಿಂಗಳಲ್ಲಿ ತೀರ್ಪಿತ್ತರು. ಅದೇ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 6-4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಹಾಗಾಗಿ ಬಾಕಿ ತೀರದೆ ಮತವಿಲ್ಲ.

ಬಾಕಿ ಎಷ್ಟು? ತೊಡಕು ಇರುವುದೇ ಇಲ್ಲಿ. ಹಿಂಕಲ್ ಅವರ ಮುಂದೆ ಒಬ್ಬ ಪ್ರಾಧ್ಯಾಪಕಿ ತಮ್ಮ ಸಂಶೋಧಕರ ತಂಡದೊಡನೆ 153 ಜನರ ದಾಖಲೆಗಳನ್ನು ಹುಡುಕಿ ತಂದರು. ಮೂವರನ್ನು ಬಿಟ್ಟು ಮಿಕ್ಕ ಎಲ್ಲರ ದಾಖಲೆಗಳಲ್ಲೂ ಒಂದು ಕಡೆಯ ಅಂಕಿ ಇನ್ನೊಂದು ಕಡೆಗೆ ತಾಳೆಯಾಗಲಿಲ್ಲ. ಅಂಗಡಿಯಲ್ಲಿ ಬೆಲೆ ಹೇಳದೆ "ಪೂರ್ತಿ ಕೊಡು, ಕಡಿಮೆ ಕೊಟ್ಟರೆ ಪೊಲೀಸರನ್ನು ಕರೆಯುತ್ತೇನೆ" ಎನ್ನುವ ವ್ಯಾಪಾರಿಯನ್ನು ನಮ್ಮ ಅಪ್ಪ ಮಂಡಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಆದ್ದರಿಂದ ನಮ್ಮ ಕೆಲಸ ಭಾಷಣ ಮಾಡುವುದಲ್ಲ, ಬಿಲ್ ಬರೆಸಿಕೊಳ್ಳುವುದು.

ಎದುರಿಗೆ ಕೂತವರನ್ನು ಮೊದಲು ಕೇಳಬೇಕಾದದ್ದು ಹಣದ ವಿಷಯವಲ್ಲ. ಅವರ ಹಕ್ಕು ನಿಜವಾಗಿಯೂ ಹೋಗಿದೆಯೇ ಎಂಬುದು. ಮಿಸ್‌ಡಿಮೀನರ್ ಎಂಬ ಸಣ್ಣ ಅಪರಾಧಗಳಿಂದ ಫ್ಲಾರಿಡಾದಲ್ಲಿ ಮತದ ಹಕ್ಕು ಹೋಗುವುದೇ ಇಲ್ಲ. ಆದರೂ "ನನಗೆ ಜೈಲಾಗಿತ್ತು, ಮತ ಇಲ್ಲ" ಎಂದು ವರ್ಷಗಟ್ಟಲೆ ನಂಬಿಕೊಂಡವರು ಸಿಗುತ್ತಾರೆ. ವಿಚಾರಣೆಗಾಗಿ ಕಾಯುತ್ತಾ ಜೈಲಿನಲ್ಲಿ ಇರುವವರಿಗೂ, ಹಿಂದೆ ಫೆಲನಿ ಶಿಕ್ಷೆ ಆಗಿಲ್ಲದಿದ್ದರೆ, ಹಕ್ಕು ಇದೆ. ತೀರ್ಪಿನ ಹಾಳೆಯಲ್ಲಿ "ಅಡ್ಜುಡಿಕೇಶನ್ ವಿತ್‌ಹೆಲ್ಡ್" ಎಂಬ ಎರಡು ಪದಗಳಿದ್ದರೆ ನ್ಯಾಯಾಧೀಶರು ಅಪರಾಧಿ ಎಂಬ ಘೋಷಣೆಯನ್ನು ತಡೆಹಿಡಿದಿದ್ದಾರೆ ಎಂದರ್ಥ. ಅಂಥವರು ಪ್ರೊಬೇಷನ್‌ನಲ್ಲಿ, ಅಂದರೆ ಜೈಲಿಗೆ ಬದಲು ಅಧಿಕಾರಿಯ ನಿಗಾದಲ್ಲಿ, ಓಡಾಡಿದ್ದರೂ ಆ ಪ್ರಕರಣದಿಂದ ಹಕ್ಕು ಕಳೆದುಕೊಂಡಿಲ್ಲ. ಬಡಗಿ ಕೆಲಸದ ಒಬ್ಬರ ಹಾಳೆಯಲ್ಲಿ ಈ ಪದಗಳ ಮುಂದೆ ಪೆನ್ನಿನ ಗುರುತು ಕಂಡಾಗ ನಾನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು, ಆಮೇಲೆ ಬಂದ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಬೇರೆ ರಾಜ್ಯದಲ್ಲಿ ಶಿಕ್ಷೆಯಾದವರಿಗೆ ಆ ರಾಜ್ಯದ ನಿಯಮ ಅನ್ವಯಿಸುತ್ತದೆ. ಇದಕ್ಕೆ ಪ್ರಪಂಚಕ್ಕೇ ಗೊತ್ತಿರುವ ಉದಾಹರಣೆ ಡೊನಾಲ್ಡ್ ಟ್ರಂಪ್. 2024ರ ಮೇ 30ರಂದು ನ್ಯೂಯಾರ್ಕಿನ ಜ್ಯೂರಿ 34 ಫೆಲನಿ ಆರೋಪಗಳಲ್ಲಿ ಅವರನ್ನು ತಪ್ಪಿತಸ್ಥರೆಂದಿತು, ನವೆಂಬರ್‌ನಲ್ಲಿ ಅವರು ಫ್ಲಾರಿಡಾದ ಪಾಮ್ ಬೀಚ್‌ನಲ್ಲಿ ಮತ ಹಾಕಿದರು. ನ್ಯೂಯಾರ್ಕ್ ಮತ ಕಸಿಯುವುದು ಸೆರೆಮನೆಯಲ್ಲಿ ಇರುವಷ್ಟು ಕಾಲ ಮಾತ್ರ. ಅದೇ ಅಪರಾಧ ಟ್ಯಾಂಪಾದಲ್ಲಿ ಆಗಿದ್ದರೆ ನ್ಯಾಯಾಲಯದ ದಾಖಲೆ, ಹಣದ ಲೆಕ್ಕ ಇಡುವ ಕ್ಲರ್ಕ್ ಕಚೇರಿಯ ರಸೀದಿಗಳನ್ನು ಹುಡುಕಬೇಕಾಗುತ್ತಿತ್ತು.

ಫ್ಲಾರಿಡಾದ ಫೆಲನಿಯೇ ಎಂದು ಖಚಿತವಾದರೆ, ಪ್ರಕರಣ ನಡೆದ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಕ್ಲರ್ಕ್ ಕಚೇರಿಯಿಂದ ಎರಡು ಕಾಗದ ತರಿಸಿ. ಒಂದು, ತೀರ್ಪು ಮತ್ತು ಶಿಕ್ಷೆಯ ಮೂಲ ಪ್ರತಿ. ಇನ್ನೊಂದು, ಪಾವತಿಯ ಲೆಕ್ಕ. ರಾಜ್ಯದಲ್ಲಿ 67 ಕೌಂಟಿಗಳಿವೆ, ಪ್ರತಿಯೊಂದಕ್ಕೂ ಅದರದೇ ಕ್ಲರ್ಕ್, ಅದರದೇ ಕಂಪ್ಯೂಟರು. ಎರಡು ಕೌಂಟಿಗಳಲ್ಲಿ ಪ್ರಕರಣಗಳಿದ್ದರೆ ಎರಡೂ ಕಡೆ ಕೇಳಬೇಕು. ಫೋನಿನಲ್ಲಿ ಹೇಳಿದ ಮೊತ್ತವನ್ನು ನಂಬಬೇಡಿ, ಕಾಗದದಲ್ಲಿ ಕೇಳಿ, ದಿನಾಂಕ ಹಾಕಿಸಿಕೊಳ್ಳಿ.

ಈಗ ನಮ್ಮಂಥ ಲೆಕ್ಕದವರಿಗೆ ರುಚಿಸುವ ಭಾಗ. ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೊಂದೇ ಸಾಲು ಓದಿ. ಮೂಲ ತೀರ್ಪಿನಲ್ಲಿ ಕಾಣುವುದು ಇಂಥವು: ಬಡವರಿಗೆ ಕೊಡುವ ಸರ್ಕಾರಿ ವಕೀಲರಿಗಾಗಿ ಅರ್ಜಿ ಹಾಕಿದ್ದಕ್ಕೆ 50 ಡಾಲರ್, ಫೆಲನಿಯಾದರೆ ಆ ವಕೀಲರ ಶುಲ್ಕ ಕನಿಷ್ಠ 100, ಎದುರಿಗೆ ವಾದಿಸಿದ ಸರ್ಕಾರದ ವಕೀಲರ ಖರ್ಚು ಕನಿಷ್ಠ 100. ಹೌದು, ತನ್ನನ್ನು ಜೈಲಿಗೆ ಕಳಿಸಿದ ವಕೀಲರಿಗೂ ಆರೋಪಿಯೇ ಕೊಡಬೇಕು. ಇದರ ಮೇಲೆ ದಂಡ, ಪರಿಹಾರ. ರಾಜ್ಯದ ಸಂವಿಧಾನದ 1998ರ ಪರಿಷ್ಕರಣೆಯ ನಂತರ ಇಲ್ಲಿನ ಕ್ಲರ್ಕ್ ಕಚೇರಿಗಳು ಬಹುಪಾಲು ಇಂಥ ಶುಲ್ಕಗಳಿಂದಲೇ ನಡೆಯುತ್ತವೆ. "ಬಳಸಿದವನು ಕೊಡಲಿ" ಎಂಬ ಮಾರುಕಟ್ಟೆಯ ಮಾತನ್ನು ನ್ಯಾಯಾಲಯಕ್ಕೆ ಅಂಟಿಸಿದ್ದು ಹೀಗೆ. ಕೈಕೋಳ ಹಾಕಿ ಕರೆತಂದವನನ್ನು ಗ್ರಾಹಕ ಎನ್ನುವುದು ನನ್ನ ನಿಘಂಟಿನಲ್ಲಿ ಮಾರುಕಟ್ಟೆಯಲ್ಲ.

ಪಾವತಿಯ ಲೆಕ್ಕದಲ್ಲಿ ಇನ್ನಷ್ಟು ಸಾಲುಗಳು ಹುಟ್ಟಿಕೊಂಡಿರುತ್ತವೆ. ಬಾಕಿ ನಿಂತರೆ ಕ್ಲರ್ಕ್ ಅದನ್ನು ಖಾಸಗಿ ವಸೂಲಿ ಸಂಸ್ಥೆಗೆ ಒಪ್ಪಿಸುತ್ತಾರೆ. ಆ ಸಂಸ್ಥೆ ಬಾಕಿಯ ಶೇ. 40ರ ತನಕ ತನ್ನ ಶುಲ್ಕ ಸೇರಿಸಲು ಕಾನೂನು ಬಿಡುತ್ತದೆ. 800 ಡಾಲರ್ ಸಾಲ 1,120 ಆಗಬಹುದು. ಆದರೆ ಮತದ ಹಕ್ಕಿನ ಮಟ್ಟಿಗೆ ಲೆಕ್ಕಕ್ಕೆ ಬರುವುದು ಶಿಕ್ಷೆಯ ಭಾಗವಾಗಿ ನ್ಯಾಯಾಲಯ ವಿಧಿಸಿದ ಮೊತ್ತ ಮಾತ್ರ. ಆಮೇಲೆ ಬೆಳೆದ ಬಡ್ಡಿ, ವಸೂಲಿ ಶುಲ್ಕ ಬರುವುದಿಲ್ಲ. ಇದು 2019ರ ಕಾಯ್ದೆಯಲ್ಲೇ ಇದೆ. ಹಾಗಾಗಿ ಕೆಂಪು ಪೆನ್ನಿನಲ್ಲಿ ಅಂಥ ಸಾಲುಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಕೂಡಿಸಿ, ಈವರೆಗೆ ಕಟ್ಟಿದ್ದನ್ನು ಅದರ ಪಕ್ಕದಲ್ಲಿ ಬರೆಯಿರಿ. ವಸೂಲಿ ಸಂಸ್ಥೆಗೆ ಕಟ್ಟಿದ ರಸೀದಿಗಳನ್ನೂ ಎಸೆಯಬೇಡಿ. ಕಟ್ಟಿದ ಪ್ರತಿ ಡಾಲರನ್ನೂ ಮೂಲ ಮೊತ್ತಕ್ಕೆ ಜಮಾ ಹಿಡಿಯುತ್ತೇವೆ ಎಂದು ಹಿಂಕಲ್ ಅವರ ಮುಂದಿನ ಆ ಮೊಕದ್ದಮೆಯಲ್ಲಿ ಹೇಳಿದ್ದು ರಾಜ್ಯವೇ.

ಬಾಕಿ ಉಳಿದು ಕಟ್ಟಲು ಕೈಯಲ್ಲಿ ಇಲ್ಲದಿದ್ದರೆ ಮೂರು ದಾರಿ. ಮೊತ್ತವನ್ನು ಇಳಿಸಿ ಎಂದು ಶಿಕ್ಷೆ ಕೊಟ್ಟ ನ್ಯಾಯಾಲಯವನ್ನು ಕೇಳಬಹುದು. ಸಮುದಾಯ ಸೇವೆಯ ಗಂಟೆಗಳಾಗಿ ಬದಲಿಸಿಕೊಡಿ ಎನ್ನಬಹುದು, ಆ ಗಂಟೆಗಳು ಮುಗಿದಾಗ ಬಾಕಿ ಮುಗಿಯುತ್ತದೆ. ಹಣ ಬರಬೇಕಾದವರು ಬಿಟ್ಟುಕೊಟ್ಟು ನ್ಯಾಯಾಲಯ ಒಪ್ಪಿದರೂ ಆಯಿತು. ಈ ಹಂತದಲ್ಲಿ ನೀವು ಪಕ್ಕಕ್ಕೆ ಸರಿದು ಉಚಿತ ಕಾನೂನು ನೆರವಿನವರಿಗೆ ಕಡತ ಒಪ್ಪಿಸಿ. ಡೆಸ್ಮಂಡ್ ಮೀಡ್ ಮುನ್ನಡೆಸಿದ ಫ್ಲಾರಿಡಾ ರೈಟ್ಸ್ ರೆಸ್ಟೊರೇಶನ್ ಕೊಯಲಿಷನ್ ಈ ಕೆಲಸದಲ್ಲಿ ಪಳಗಿದ ಸಂಸ್ಥೆ, ಬಾಕಿ ತೀರಿಸಲು ನಿಧಿಯನ್ನೂ ಎತ್ತಿದೆ.

ಮಧ್ಯೆ ನನ್ನ ಅಣ್ಣನ ಮಗನ ಕಥೆ ಹೇಳದಿದ್ದರೆ ಅವನಿಗೆ ಬೇಸರವಾದೀತು. ಅವನು ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಜ್ಞ ಹಾಯೆಕ್‌ರ ಭಕ್ತ. "ಅತ್ತೆ, ಒಪ್ಪಂದ ಮುರಿದವನಿಗೆ ಒಪ್ಪಂದ ಬರೆಯುವ ಅಧಿಕಾರ ಏಕೆ? ಸರ್ಕಾರದ ದಾನ ಪಡೆಯುವವರಿಗೆ ಮತ ಬೇಡ ಎಂದು ವಿವೇಕಿಗಳೂ ವಾದಿಸಬಹುದು ಅಂತ ಹಾಯೆಕ್ 1960ರಲ್ಲೇ ಬರೆದಿದ್ದಾರೆ" ಎಂದ. ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇರುತ್ತಾನೆ, ಕೋಪಿಸಿಕೊಳ್ಳಬೇಡಿ. ಆ ವಾಕ್ಯದಲ್ಲಿ ಸರ್ಕಾರಿ ನೌಕರರ ಹೆಸರೂ ಜೊತೆಗೇ ಇದೆಯಲ್ಲ, ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನಿನ್ನ ಹೆಂಡತಿಗೂ ಇದನ್ನು ಓದಿ ಹೇಳಿದ್ದೀಯಾ ಎಂದು ನಾನು ಕೇಳಿದೆ. ಆಮೇಲೆ ಅವನ ಅಂಗಳದಲ್ಲೇ ಆಡಿದೆ. ಮುಕ್ತ ಮಾರುಕಟ್ಟೆಗಾಗಿ ನೀರಿನಂತೆ ಹಣ ಸುರಿಯುವ ಉದ್ಯಮಿ ಕೋಕ್ ಸಹೋದರರ ಜಾಲದ ಫ್ರೀಡಂ ಪಾರ್ಟ್‌ನರ್ಸ್ ಸಂಸ್ಥೆ 2018ರಲ್ಲಿ ನಾಲ್ಕನೇ ತಿದ್ದುಪಡಿಯನ್ನು ಬೆಂಬಲಿಸಿತ್ತು. ಶಿಕ್ಷೆ ಎಂಬುದು ಬೆಲೆಯಾದರೆ, ಬೆಲೆ ಕೊಟ್ಟ ಮೇಲೂ ಸಾಮಾನು ಕೊಡದಿರುವುದು ಯಾವ ಒಪ್ಪಂದ? ಸಾಲಗಾರನೆಂದು ಮತ ಕಿತ್ತುಕೊಳ್ಳುವುದಾದರೆ ಕ್ರೆಡಿಟ್ ಕಾರ್ಡಿನ ಬಾಕಿಗೂ ಕಿತ್ತುಕೊಳ್ಳಲಿ, ದಿವಾಳಿಯಾದ ಕಂಪನಿಯ ಮಾಲೀಕನಿಂದಲೂ ಕಿತ್ತುಕೊಳ್ಳಲಿ. ವರ್ಜೀನಿಯಾ ಮತಕ್ಕೆ ಹಾಕಿದ್ದ ಒಂದೂವರೆ ಡಾಲರ್ ತೆರಿಗೆಯನ್ನು ಸುಪ್ರೀಂ ಕೋರ್ಟ್ 1966ರಲ್ಲೇ ಕಿತ್ತೊಗೆದಿತ್ತು ಎಂದೂ ಸೇರಿಸಿದೆ. ಅವನು ಒಪ್ಪಲಿಲ್ಲ. ಆದರೆ ಕೋಷ್ಟಕ ಮಾಡಿಕೊಡಲು ಬರುತ್ತಾನೆ, ಅಂಕಿ ತಾಳೆಯಾಗದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.

ಊರಿನಲ್ಲಿ ಹೇಗೆ ಎಂದು ಕೇಳುವವರಿಗೆ: ಭಾರತದಲ್ಲಿ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮು ಜೈಲಿನಲ್ಲಿರುವವರಿಗೆ, ವಿಚಾರಣಾಧೀನ ಕೈದಿಗಳನ್ನೂ ಸೇರಿಸಿ, ಮತ ನಿರಾಕರಿಸುತ್ತದೆ. ಮುನ್ನೆಚ್ಚರಿಕೆಯ ಬಂಧನದಲ್ಲಿ ಇರುವವರಿಗೆ ಮಾತ್ರ ವಿನಾಯಿತಿ. ಸುಪ್ರೀಂ ಕೋರ್ಟ್ 1997ರಲ್ಲಿ ಇದನ್ನು ಎತ್ತಿಹಿಡಿದಿದೆ. ಆ ಕಟ್ಟು ಇಲ್ಲಿಗಿಂತ ಬಿಗಿ. ಆದರೆ ಪರಪ್ಪನ ಅಗ್ರಹಾರದಿಂದ ಹೊರಬಂದವನ ಹೆಸರು ಪಟ್ಟಿಯಲ್ಲಿದ್ದರೆ ಅವನು ಮತಗಟ್ಟೆಗೆ ನಡೆದುಹೋಗಬಹುದು. ಚುನಾವಣಾ ಅಕ್ರಮದಂಥ ಕೆಲವು ಅಪರಾಧಗಳನ್ನು ಬಿಟ್ಟರೆ ಹಳೆಯ ಶಿಕ್ಷೆ ಅಡ್ಡಬರುವುದಿಲ್ಲ, ದಂಡದ ರಸೀದಿಯನ್ನು ಯಾರೂ ಕೇಳುವುದಿಲ್ಲ.

ಮತ್ತೆ ಫ್ಲಾರಿಡಾಕ್ಕೆ. ಲೆಕ್ಕ ಮುಗಿಯಿತು, ಬಾಕಿ ಸೊನ್ನೆ ಎಂದು ನಿಮಗೆ ಅನ್ನಿಸಿದರೂ ಸಣ್ಣ ಅನುಮಾನವಿದ್ದರೆ ಅರ್ಜಿ ತುಂಬಿಸಬೇಡಿ. ಮತದಾರರ ಅರ್ಜಿಯಲ್ಲಿ, ನಾನು ಫೆಲನಿ ಶಿಕ್ಷೆಯಾದವನಲ್ಲ ಅಥವಾ ನನ್ನ ಹಕ್ಕು ಮರಳಿದೆ ಎಂದು ಪ್ರಮಾಣ ಮಾಡಬೇಕು. ಬೇಕೆಂದೇ ಸುಳ್ಳು ಪ್ರಮಾಣ ಮಾಡಿದರೆ ಅದೇ ಹೊಸ ಫೆಲನಿ, ಐದು ವರ್ಷದವರೆಗೆ ಸೆರೆವಾಸ. 2022ರ ಆಗಸ್ಟ್‌ನಲ್ಲಿ ರಾಜ್ಯ 20 ಜನರ ಬಂಧನವನ್ನು ಸುದ್ದಿಗೋಷ್ಠಿಯಲ್ಲಿ ಘೋಷಿಸಿತು. ಕೊಲೆ ಅಥವಾ ಲೈಂಗಿಕ ಅಪರಾಧದ ಹಳೆಯ ಶಿಕ್ಷೆ ಅವರ ಮೇಲಿತ್ತು. ಮತದಾರರ ಕಾರ್ಡು ಮನೆಗೆ ಬಂದಿತ್ತು, ಅದಕ್ಕೇ ಮತ ಹಾಕಿದೆವು ಎಂದು ಅವರಲ್ಲಿ ಹಲವರು ಹೇಳಿದರು. ಆ ಬಳಿಕ, 2023ರ ಕಾಯ್ದೆಯಿಂದ, ಈ ಕಾರ್ಡು ಅರ್ಹತೆಗೆ ಪುರಾವೆಯಲ್ಲ ಎಂಬ ಸಾಲನ್ನು ಕಾರ್ಡಿನ ಮೇಲೆಯೇ ಮುದ್ರಿಸುತ್ತಾರೆ. ಕಾರ್ಡು ಕೊಡುವವರೂ ಅವರೇ, ನಂಬಬೇಡಿ ಎನ್ನುವವರೂ ಅವರೇ.

ಇದಕ್ಕೆ ಪರಿಹಾರ ಸಲಹಾ ಅಭಿಪ್ರಾಯ. ರಾಜ್ಯದ ಚುನಾವಣಾ ವಿಭಾಗಕ್ಕೆ ಪ್ರಕರಣದ ವಿವರ ಬರೆದು, ನಾನು ಅರ್ಹನೇ ಎಂದು ಲಿಖಿತವಾಗಿ ಕೇಳಬಹುದು. ಅವರ ಉತ್ತರವನ್ನು ನಂಬಿ ಮತ ಹಾಕಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ನೀವು ಮಾಡಿಟ್ಟ ಕೆಂಪು ಪೆನ್ನಿನ ಲೆಕ್ಕವನ್ನು ಇದರ ಜೊತೆಗೆ ಲಗತ್ತಿಸಿ. ನೋಂದಣಿಗೆ ಚುನಾವಣೆಯ 29 ದಿನ ಮೊದಲೇ ಗಡುವು ಮುಗಿಯುವುದರಿಂದ ತಿಂಗಳುಗಳ ಮುಂಚೆಯೇ ಕೇಳಿಡುವುದು ವಾಸಿ.

ಅರ್ಜಿಯನ್ನು ಅವರೇ ತುಂಬಿ ಅವರೇ ಸಲ್ಲಿಸಲಿ. ಬೇರೆಯವರ ಅರ್ಜಿ ಸಂಗ್ರಹಿಸುವ ಸಂಸ್ಥೆಗಳಿಗೆ ರಾಜ್ಯದಲ್ಲಿ ನೋಂದಣಿ ಕಡ್ಡಾಯ, ತಡವಾದರೆ ದಂಡ. ಇಲ್ಲಿನ ನಾಗರಿಕರಲ್ಲದ ಗ್ರೀನ್ ಕಾರ್ಡಿನವರು, ಎಚ್-1ಬಿ ವೀಸಾದವರು ಲೆಕ್ಕದ ಮೇಜಿನಲ್ಲಿ ಕೂರಿ, ಅರ್ಜಿಯ ಮೇಜಿನ ಹತ್ತಿರ ಬೇಡ.

ಹೆಸರು ಸೇರಿದ ಮೇಲೂ ಕಡತ ಎಸೆಯುವಂತಿಲ್ಲ. ಅರ್ಹತೆಯ ಬಗ್ಗೆ ಸಂಶಯವಿದೆ ಎಂದು ಕೌಂಟಿಯ ಚುನಾವಣಾ ಮೇಲ್ವಿಚಾರಕರಿಂದ ನೋಟಿಸು ಬಂದರೆ 30 ದಿನದೊಳಗೆ ಉತ್ತರ ಕೊಡಬೇಕು, ವಿಚಾರಣೆಯನ್ನೂ ಕೇಳಬಹುದು. ಸುಮ್ಮನಿದ್ದರೆ ಹೆಸರು ಹೋಗುತ್ತದೆ. ಮನೆ ಬದಲಿಸಿದವರಿಗೆ ನೋಟಿಸು ಸಿಗುವುದೇ ಇಲ್ಲ. ಜೈಲಿನಿಂದ ಬಂದವರು ಬಾಡಿಗೆ ಮನೆ ಸಿಗದೆ ಪದೇ ಪದೇ ಮನೆ ಬದಲಿಸುತ್ತಾರೆ. ಹೊಸ ಮನೆಗೆ ಹೋದ ವಾರವೇ ವಿಳಾಸ ತಿದ್ದಿಸಿ ಎಂದು ಕಡತದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡಿ.