ಅದೇ ಅಂಕ, ಆರು ತಿಂಗಳು ಮೊದಲು: ಆಪ್ಟೊಮೆಟ್ರಿ ಸೀಟು ಸಿಕ್ಕ ನನ್ನ ಅನುಭವ

2022ರ ಜನವರಿಯಲ್ಲಿ ಅಮೆರಿಕದ ಏಳು ಆಪ್ಟೊಮೆಟ್ರಿ (ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ವಿದ್ಯೆ) ಶಾಲೆಗೆ ಅರ್ಜಿ ಹಾಕಿದ್ದೆ. ಆರು ಕಡೆ ಇಲ್ಲ ಅಂದರು. ಒಂದು ಕಡೆ ವೇಟಿಂಗ್ ಲಿಸ್ಟ್, ಅದು ಜೂನ್ ಮುಗಿದರೂ ಅಲ್ಲಾಡಲಿಲ್ಲ. ಅದೇ ವರ್ಷ ಜುಲೈನಲ್ಲಿ ಶುರು ಮಾಡಿ ಎಂಟು ಶಾಲೆಗೆ ಮತ್ತೆ ಹಾಕಿದೆ. ಓಎಟಿ (ಈ ಶಾಲೆಗಳ ಪ್ರವೇಶ ಪರೀಕ್ಷೆ) ಅಂಕ ಅದೇ 320, ಬೆಂಗಳೂರಿನ ಬಿ.ಆಪ್ಟಮ್ ಡಿಗ್ರಿ ಅದೇ, ಅರ್ಜಿಯ ಜೊತೆ ಬರೆಯುವ ಪ್ರಬಂಧದಲ್ಲಿ ಬದಲಾದದ್ದು ಒಂದು ಪ್ಯಾರಾ. ಈ ಸಲ ಐದು ಕಡೆಯಿಂದ ಇಂಟರ್‌ವ್ಯೂಗೆ ಕರೆ, ಮೂರು ಕಡೆ ಸೀಟು. ಮೊದಲ ಸೀಟು ಅಕ್ಟೋಬರ್‌ನಲ್ಲೇ ಬಂತು. ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಆಗಿನ್ನೂ ಪ್ರಬಂಧ ತಿದ್ದುತ್ತಿದ್ದರು.

ಬುದ್ಧಿ ಹೇಳಿದವರು ಕಡಿಮೆಯೇನಲ್ಲ. ನಮ್ಮ ಬ್ಯಾಚಿಗಿಂತ ಮೂರು ವರ್ಷ ಮುಂದಿದ್ದ ಅಕ್ಕ ಒಬ್ಬರು ಫೋನಿನಲ್ಲಿ ಒಂದು ಗಂಟೆ ಹೇಳಿದರು: "320 ಇಟ್ಕೊಂಡು ಮತ್ತೆ ಹಾಕಬೇಡ ಕಣೆ, 340 ಮಾಡ್ಕೊಂಡು ಹಾಕು." ಮನೆಯವರ ವಾದ ಬೇರೆ. ಪ್ರವೇಶಕ್ಕೆ ಬೇಕಾದ ಬಯೋಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್ ಎರಡೂ ಬಾಕಿ ಇವೆ, ಕೋರ್ಸ್ ಮುಗಿಸದವಳನ್ನು ಯಾರು ತಗೋತಾರೆ ಅಂತ. ಬಾಕಿ ಕೋರ್ಸನ್ನು ಯಾವ ಸೆಮಿಸ್ಟರ್‌ನಲ್ಲಿ ಮುಗಿಸುತ್ತೇನೆ ಅಂತ ಅರ್ಜಿಯಲ್ಲೇ ತೋರಿಸಬಹುದು, ತರಗತಿ ಶುರುವಾಗುವ ಮುಂಚೆ ಮುಗಿದರೆ ಸಾಕು ಅಂತ ನಾನು ಕೇಳಿದ ಶಾಲೆಗಳೆಲ್ಲ ಹೇಳಿದವು. ಮೊದಲ ವರ್ಷ ಇದನ್ನು ಕೇಳಿಯೇ ಇರಲಿಲ್ಲ.

ಆ ಮೊದಲ ವರ್ಷ ನನ್ನನ್ನು ಕೆಡಿಸಿದ್ದು ಹತ್ತು ಅಂಕದ ಆಸೆ. ಬೇಸಿಗೆಯಲ್ಲೇ 310 ಬಂದಿತ್ತು. ಫಿಸಿಕ್ಸ್ ಸ್ವಲ್ಪ ಎತ್ತೋಣ ಅಂತ ಡಿಸೆಂಬರ್‌ವರೆಗೆ ಕಾದು, ಮತ್ತೆ ಐನೂರು ಡಾಲರ್ ಚಿಲ್ಲರೆ ಕಟ್ಟಿ 320 ತಂದೆ. ಆ ಹತ್ತು ಅಂಕಕ್ಕೆ ಅರ್ಧ ವರ್ಷ ಹೋಯಿತು. ಫೆಬ್ರವರಿಯಲ್ಲಿ ಒಂದು ಅಡ್ಮಿಷನ್ ಆಫೀಸಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ನೂರು ಸೀಟಿನ ತರಗತಿಯಲ್ಲಿ ಉಳಿದದ್ದು ಹನ್ನೆರಡೋ ಹದಿನಾಲ್ಕೋ ಅಂದರು. ಸೆಪ್ಟೆಂಬರ್‌ನಲ್ಲೇ ಹಾಕಿದ್ದರೆ ನನ್ನ ಫೈಲು ನೂರು ಸೀಟಿಗೆ ಸ್ಪರ್ಧಿಸುತ್ತಿತ್ತು. ಫೆಬ್ರವರಿಯಲ್ಲಿ ಹನ್ನೆರಡಕ್ಕೆ, ಅದೂ ನನಗಿಂತ ಹೆಚ್ಚು ಅಂಕದವರ ಜೊತೆ.

ಆದರೆ ಬೇಗ ಸಬ್‌ಮಿಟ್ ಒತ್ತಿದರೆ ಬೇಗ ಆದಂತಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಜುಲೈನಲ್ಲಿ ಒತ್ತಿ ಅಕ್ಟೋಬರ್‌ವರೆಗೆ ಫೈಲು ಅರ್ಧಂಬರ್ಧ ಉಳಿದವರನ್ನು ನೋಡಿದ್ದೇನೆ. ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಧಿಕೃತ ಅಂಕಪಟ್ಟಿ) ತಲುಪದೆ ಆಪ್ಟಾಮ್‌ಕ್ಯಾಸ್ (ಈ ಶಾಲೆಗಳಿಗೆಲ್ಲ ಅರ್ಜಿ ಹಾಕುವ ಪೋರ್ಟಲ್) ವೆರಿಫೈ ಮಾಡುವುದಿಲ್ಲ, ತಲುಪಿದ ಮೇಲೂ ನಾಲ್ಕು ವಾರದವರೆಗೆ ಹಿಡಿಯಬಹುದು. ಶಿಫಾರಸು ಲೆಟರ್, ಓಎಟಿ ಅಂಕ, ವಿದೇಶಿ ಡಿಗ್ರಿಯ ಮೌಲ್ಯಮಾಪನ ಎಲ್ಲ ಸೇರಿದ ಮೇಲೇ ಶಾಲೆಯವರು ಫೈಲು ತೆರೆಯುತ್ತಾರೆ. ಸಾಲು ಹಿಡಿಯುವುದು ಆ ದಿನದಿಂದ. ಅದಕ್ಕೇ ಎರಡನೇ ಸಲ ಕ್ಯಾಲೆಂಡರನ್ನು ಹಿಂದಿನಿಂದ ಹಾಕಿದೆ: ಆಗಸ್ಟ್ ಕೊನೆಗೆ ಫೈಲು ಪೂರ್ತಿ, ಹಾಗಾದರೆ ಜುಲೈ ಎರಡನೇ ವಾರ ಸಬ್‌ಮಿಟ್, ಹಾಗಾದರೆ ಮೇ ತಿಂಗಳಲ್ಲಿ ಲೆಟರ್ ಮಾತು.

ಟ್ರಾನ್ಸ್‌ಕ್ರಿಪ್ಟಿನ ಕಥೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಮೌಲ್ಯಮಾಪನ ಮಾಡುವ ಡಬ್ಲ್ಯುಇಎಸ್ ಸಂಸ್ಥೆಗೆ ನಮ್ಮ ಯೂನಿವರ್ಸಿಟಿಯ ಸೀಲ್ ಇರುವ ಕವರೇ ಹೋಗಬೇಕಿತ್ತು. ಮೊದಲ ಸಲ ಅಪ್ಪ ದಾವಣಗೆರೆಯಿಂದ ಬೆಂಗಳೂರಿಗೆ ಎರಡು ಬಾರಿ ಬಸ್ಸಿನಲ್ಲಿ ಓಡಾಡಿ, ಕೌಂಟರ್‌ನಲ್ಲಿ ಕಾದು, ಕವರ್ ತಗೊಂಡು ಬಂದರು. ಮನೆಗೆ ಬಂದು, ನಾಲ್ಕೂ ವರ್ಷದ ಮಾರ್ಕ್ಸ್ ಸರಿ ಇದೆಯಾ ನೋಡೋಣ ಅಂತ ಬ್ಲೇಡಿನಿಂದ ನೀಟಾಗಿ ಕತ್ತರಿಸಿ, ಓದಿ, ಗೋಂದು ಹಚ್ಚಿ ಅಂಟಿಸಿದರು. ನನಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು, "ಎಲ್ಲಾ ಸರಿ ಐತಿ ಮಗಾ" ಅಂತ. ಮೇಜಿನ ಮೇಲೆ ಹರಡಿದ ಮಾರ್ಕ್ಸ್ ಕಾರ್ಡು, ಪಕ್ಕದಲ್ಲಿ ಸೀಲು ಎರಡು ತುಂಡಾದ ಕವರು. ಹೊಸ ಕವರಿಗೆ ಮತ್ತೆ ಆರು ವಾರ, ಮತ್ತೆ ಫೀಸು, ಮತ್ತೆ ಕೊರಿಯರ್. ಅಪ್ಪನಿಗೆ ಸಿಟ್ಟಿನಲ್ಲಿ ಏನೇನೋ ಅಂದುಬಿಟ್ಟೆ, ಅದು ಇನ್ನೂ ಮನಸ್ಸಿನಲ್ಲಿದೆ. ನೀವು ತರಿಸುವುದಾದರೆ ಜನವರಿಯಲ್ಲೇ ಶುರು ಮಾಡಿ, ಕವರ್ ಮುಟ್ಟುವವರಿಗೆಲ್ಲ ಮೊದಲೇ ಹೇಳಿ. ಒಮ್ಮೆ ಆದ ಮೌಲ್ಯಮಾಪನ ಮುಂದಿನ ವರ್ಷಕ್ಕೂ ನಡೆಯಿತು, ಅಷ್ಟು ಪುಣ್ಯ.

ಇನ್ನೊಂದು ಏಟು ಕೋರ್ಸ್ ತುಂಬುವಲ್ಲಿ ಬಿತ್ತು. ನ್ಯೂಜೆರ್ಸಿಯ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದ ಕೆಮಿಸ್ಟ್ರಿಯ ಲ್ಯಾಬ್ ಕ್ರೆಡಿಟ್ಟನ್ನು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇದ್ದ ಹಾಗೆ ಹಾಕದೆ ಬೇರೆ ಸಾಲಿನಲ್ಲಿ ತುಂಬಿದೆ. ಅರ್ಜಿ ತಿದ್ದುಪಡಿಗೆ ವಾಪಸ್ ಬಂತು, ಹತ್ತು ದಿನ ಹೋಯಿತು. ಎರಡನೇ ಸಲ ಟ್ರಾನ್ಸ್‌ಕ್ರಿಪ್ಟ್ ಪ್ರಿಂಟ್ ತೆಗೆದು, ಸ್ಕೇಲಿಟ್ಟು, ಸಾಲು ಸಾಲಾಗಿ ತುಂಬಿದೆ. ಒಂದೇ ಏಟಿಗೆ ವೆರಿಫೈ ಆಯಿತು.

ಲೆಟರ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ನಾನು ಶ್ಯಾಡೋಯಿಂಗ್ ಮಾಡಿದ (ಜೊತೆಗಿದ್ದು ಕೆಲಸ ನೋಡಿದ) ಡಾಕ್ಟರ್ ಒಳ್ಳೆಯವರು, ಬರೆಯುತ್ತೇನೆ ಅಂದಿದ್ದರು. ಮೊದಲ ವರ್ಷ ಪೋರ್ಟಲ್‌ನಿಂದ ಹೋದ ಮೇಲ್ ಅವರ ಸ್ಪ್ಯಾಮ್‌ನಲ್ಲಿ ಐದು ವಾರ ಬಿದ್ದಿತ್ತು, ನಾನು ಸಂಕೋಚಪಟ್ಟು ಕೇಳಲಿಲ್ಲ. ಎರಡನೇ ವರ್ಷ ಪೋರ್ಟಲ್ ತೆರೆದ ದಿನವೇ ಹೆಸರು ಸೇರಿಸಿ, ಮಧ್ಯಾಹ್ನ ಕ್ಲಿನಿಕ್‌ಗೆ ಹೋಗಿ, ಕೊನೆಯ ಪೇಷಂಟ್ ಫೊರಾಪ್ಟರ್ (ಲೆನ್ಸ್ ಬದಲಿಸಿ ಕಣ್ಣು ನೋಡುವ ಯಂತ್ರ) ಹಿಂದಿನಿಂದ ಏಳುವವರೆಗೆ ಕಾದು, ಅವರ ಎದುರಿಗೇ ಮೇಲ್ ತೆರೆಸಿದೆ. ಒಂಬತ್ತು ದಿನಕ್ಕೆ ಲೆಟರ್ ಬಂತು. ಅದಕ್ಕೆ ಮುಂಚೆ ಮೇ ತಿಂಗಳಲ್ಲಿ ಅವರಿಗೆ ಒಂದು ಪುಟ ಬರೆದು ಕೊಟ್ಟಿದ್ದೆ. ಅದರಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನ ತಂಗಿಯ ಸಮಾನಳಾದ ಒಬ್ಬಳಿಗೆ ಮಾತ್ರ ಕೊಟ್ಟಿದ್ದೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಎಂಟು ಶಾಲೆಯಲ್ಲಿ ಆರಕ್ಕೆ ಮೊದಲು ಹಾಕಿ, ಎರಡನ್ನು ಬೇಕೆಂದೇ ಸೆಪ್ಟೆಂಬರ್ ಮಧ್ಯದಲ್ಲಿ ಸೇರಿಸಿದೆ. ವೆರಿಫೈ ಆದ ಫೈಲಿಗೆ ಆಮೇಲೂ ಶಾಲೆ ಸೇರಿಸಬಹುದು, ಪ್ರಬಂಧ ಮಾತ್ರ ಮುಟ್ಟುವ ಹಾಗಿಲ್ಲ. ಮೊದಲ ಆರರಲ್ಲಿ ನಾಲ್ಕು ಕಡೆಯಿಂದ ಸೆಪ್ಟೆಂಬರ್‌ನಲ್ಲೇ ಕರೆ ಬಂತು. ತಡವಾಗಿ ಹಾಕಿದ ಎರಡರಲ್ಲಿ ಒಂದು ಡಿಸೆಂಬರ್‌ನಲ್ಲಿ ಕರೆಯಿತು, ಇನ್ನೊಂದು ಉತ್ತರವನ್ನೇ ಕೊಡಲಿಲ್ಲ. ಎರಡು ಶಾಲೆಯಿಂದ ಸಿದ್ಧಾಂತ ಕಟ್ಟಲಾಗದು, ಆದರೂ ನನ್ನ ಮಟ್ಟಿಗೆ ಅಷ್ಟೇ ಸಾಕಾಯಿತು.

ಬದಲಾದ ಆ ಒಂದು ಪ್ಯಾರಾ: ಮೊದಲಿನದರಲ್ಲಿ "ಜನಸೇವೆ" ಅಂತೆಲ್ಲ ಬರೆದಿದ್ದೆ. ಹೊಸದರಲ್ಲಿ ಹರಿಹರದ ಹತ್ತಿರದ ಕಣ್ಣಿನ ಕ್ಯಾಂಪಿನಲ್ಲಿ, ಕರೆಂಟ್ ಹೋದಾಗ, ಶಾಲೆಯ ಕೋಣೆಯ ಕತ್ತಲಲ್ಲಿ ರೆಟಿನೋಸ್ಕೋಪ್ (ಕಣ್ಣಿಗೆ ಬೆಳಕು ಬಿಟ್ಟು ಪವರ್ ಅಳೆಯುವ ಸಾಧನ) ಹಿಡಿದು ಒಬ್ಬ ಅಜ್ಜಿಗೆ ಮೈನಸ್ ಒಂಬತ್ತು ಪವರ್ ಇದೆ ಅಂತ ಕಂಡುಹಿಡಿದದ್ದನ್ನು ಬರೆದೆ. ಐದು ಇಂಟರ್‌ವ್ಯೂನಲ್ಲಿ ನಾಲ್ಕು ಕಡೆ ಅದನ್ನೇ ಕೇಳಿದರು.

ಇನ್ನು ದುಡ್ಡು. ಆಪ್ಟಾಮ್‌ಕ್ಯಾಸ್‌ನಲ್ಲಿ ಆಗ ಮೊದಲ ಶಾಲೆಗೆ 185 ಡಾಲರ್ ಹತ್ತಿರ, ಮುಂದಿನ ಪ್ರತಿಯೊಂದಕ್ಕೆ 75ರ ಆಸುಪಾಸು ಇತ್ತು. ಎರಡು ವರ್ಷದ್ದು ಸೇರಿ 1,300 ದಾಟಿತು. ಓಎಟಿ ಎರಡು ಸಲ ಸಾವಿರ, ಮೌಲ್ಯಮಾಪನ, ಕೊರಿಯರ್ ಎಲ್ಲ ಸೇರಿ 450, ಕಮ್ಯುನಿಟಿ ಕಾಲೇಜಿಗೆ ಮೂರೂವರೆ ಸಾವಿರ. ಅಕ್ಟೋಬರ್‌ನ ಮೊದಲ ಸೀಟಿಗೆ 500 ಡಾಲರ್ ಡೆಪಾಸಿಟ್ ಕಟ್ಟಿದೆ. ನವೆಂಬರ್‌ನಲ್ಲಿ ಮನೆಗೆ ಹತ್ತಿರದ ಶಾಲೆ ಸಿಕ್ಕಿದಾಗ ಅದು ವಾಪಸ್ ಬರಲಿಲ್ಲ. ಮನೆಯವರು ಬೇಜಾರು ಮಾಡಿಕೊಂಡರು, ನನಗೆ ಆಗಲಿಲ್ಲ. ಕೈಯಲ್ಲಿ ಒಂದು ಸೀಟಿದ್ದರೆ ಉಳಿದ ಇಂಟರ್‌ವ್ಯೂಗಳಲ್ಲಿ ದನಿ ನಡುಗುವುದಿಲ್ಲ. ಇಂಟರ್‌ವ್ಯೂ ತಾರೀಖುಗಳನ್ನು ಯಾವ ಕ್ರಮದಲ್ಲಿ ಆರಿಸಿಕೊಂಡೆ ಅನ್ನುವುದು ಇನ್ನೊಂದು ವಿದ್ಯೆ, ಅದನ್ನು ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ.

ಇದನ್ನು ಓದುವ ಹೊತ್ತಿಗೆ ನಿಮಗೆ ಆಗಲೇ ಡಿಸೆಂಬರ್ ಆಗಿದ್ದರೆ, ಅರ್ಜಿ ಕಟ್ಟುವ ಮುಂಚೆ ಪ್ರತಿ ಶಾಲೆಗೂ ಫೋನ್ ಮಾಡಿ ಎಷ್ಟು ಸೀಟು ಉಳಿದಿದೆ ಅಂತ ಕೇಳಿ. ನಾನು ಕೇಳಿದಲ್ಲಿ ಹೇಳಿದರು. ಇಪ್ಪತ್ತಕ್ಕಿಂತ ಕಡಿಮೆ ಅಂದರೆ ಆ ಅರ್ಜಿ ಫೀಸು ಉಳಿಸಿ, ಅವತ್ತೇ ಟ್ರಾನ್ಸ್‌ಕ್ರಿಪ್ಟ್‌ಗೆ ಊರಿಗೆ ಫೋನ್ ಮಾಡಿ.