‘ಮಾಡುವಂತಹ ಕೆಲಸ’ದಿಂದ ಮಾತನ್ನು ಬಿಡಿಸುವ ಬಗೆ

ಟಿವಿಯ ನೇರ ವರದಿಗಳಲ್ಲಿ ದಿನವೂ ಕೇಳಿಬರುವ, ಈಗ ಸಭೆಗಳ ವೇದಿಕೆಗೂ ಕಚೇರಿಯ ಮೀಟಿಂಗುಗಳಿಗೂ ಹಬ್ಬಿರುವ ‘ಮಾಡುವಂತಹ ಕೆಲಸವನ್ನು ಮಾಡಿದ್ದಾರೆ’ ಎಂಬ ಧಾಟಿ ಕಿವಿಗೆ ಕಿರಿಕಿರಿ ಎಂದು ಗೊಣಗುವವರು ಬಹಳ; ಆದರೆ ಗೊಣಗುವವರ ಬಾಯಲ್ಲೂ ಅದು ಆಗಾಗ ನುಸುಳುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಏನು ಹೇಳಬೇಕೆಂಬುದು ತೀರ್ಮಾನವಾಗುವ ಮೊದಲೇ ಮಾತು ಶುರುಮಾಡಿದವರು ಆ ಕೊನೆ ಮುಟ್ಟುವ ತನಕ ಹೊತ್ತು ತಳ್ಳಲು ‘ಅಂತಹ’, ‘ಅನ್ನುವಂಥದ್ದು’, ‘ಏನಿದೆ’ಗಳನ್ನು ತುರುಕುತ್ತಾರೆ ಎಂದು ನನಗೆ ತೋರುತ್ತದೆ. ಆದ್ದರಿಂದ ಚಿಕಿತ್ಸೆಯೂ ಅಲ್ಲಿಂದಲೇ ಶುರುವಾಗಬೇಕು: ಬಾಯಿ ತೆರೆಯುವ ಮುನ್ನ ಕ್ರಿಯಾಪದವನ್ನು ಗೊತ್ತುಮಾಡಿಕೊಳ್ಳಿ.

ಮೊದಲು ನಿಮ್ಮದೇ ಮಾತನ್ನು ಐದು ನಿಮಿಷ ಫೋನಿನಲ್ಲಿ ಧ್ವನಿಮುದ್ರಿಸಿ, ಕೇಳಿದ್ದನ್ನು ಇದ್ದ ಹಾಗೆಯೇ ಬರೆದುಕೊಳ್ಳಿ. ‘ಸಚಿವರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆಯನ್ನು ಮಾಡುವಂತಹ ಕೆಲಸವನ್ನು ಮಾಡಿದ್ದಾರೆ’ ಎಂಬಂಥ ವಾಕ್ಯ ಸಿಕ್ಕರೆ, ನಿಜವಾಗಿ ನಡೆದದ್ದೇನು ಎಂದು ಕೇಳಿಕೊಳ್ಳಿ. ನಡೆದದ್ದು ಪರಿಶೀಲನೆ, ‘ಕೆಲಸ’ ಬೇರೆ ಯಾವುದೂ ಇಲ್ಲ. ‘ಸಚಿವರು ಸ್ಥಳಕ್ಕೆ ಬಂದು ಪರಿಶೀಲಿಸಿದ್ದಾರೆ’ ಎಂದರೆ ಎಂಟು ಪದಗಳ ಮಾತು ನಾಲ್ಕಕ್ಕೆ ಇಳಿಯುತ್ತದೆ, ಅರ್ಥ ಒಂದಿಷ್ಟೂ ಸೋರುವುದಿಲ್ಲ. ತಿದ್ದಿದ ವಾಕ್ಯವನ್ನು ಗಟ್ಟಿಯಾಗಿ ಮೂರು ನಾಲ್ಕು ಸಲ ಹೇಳಿ. ಕಣ್ಣಿಂದ ಓದಿದರೆ ಸಾಲದು, ನಾಲಿಗೆಗೆ ರೂಢಿಯಾಗಬೇಕು. ಮುಂದಿನ ಪದ ಹೊಳೆಯದಿದ್ದಾಗ ಸುಮ್ಮನೆ ಒಂದು ಕ್ಷಣ ನಿಲ್ಲಿ. ಆ ಮೌನ ಆಡುವವರಿಗೆ ದೀರ್ಘವೆನಿಸಿದರೂ ಕೇಳುವವರಿಗೆ ಭಾರವಾಗುವುದಿಲ್ಲ.

ಹಾಗೆಂದು ‘ಅಂಥ’ವನ್ನೇ ಬಹಿಷ್ಕರಿಸಬೇಡಿ. ‘ಅದು ಮರೆಯುವಂಥ ಮಾತಲ್ಲ’, ‘ನಿಮ್ಮಂಥವರು ಬರಬೇಕು’ ಎನ್ನುವಾಗ ಅದು ಬಗೆಯನ್ನೋ ಹೋಲಿಕೆಯನ್ನೋ ಸೂಚಿಸುತ್ತದೆ, ಅಲ್ಲಿ ಅದು ಬೇಕೇ ಬೇಕು. ‘ನಾಳೆ ಬರುವಂತಹ ರೈಲು’ ಎನ್ನುವಲ್ಲಿ ಮಾತ್ರ ಅದಕ್ಕೆ ಯಾವ ಕೆಲಸವೂ ಇಲ್ಲ. ‘ನಾಳೆ ಬರುವ ರೈಲು’ ಎಂದರೆ ಸಾಕು.

‘ಆಕ್ಚುಯಲಿ’, ‘ಬೇಸಿಕಲಿ’ಗಳಿಗೂ ಇದೇ ಮದ್ದು. ಆದರೆ ಪ್ರತಿ ಮಾತಿನ ಕೊನೆಗೆ ‘ಅರ್ಥ ಆಯ್ತಾ?’ ಎಂದು ಕೇಳುವ ರೂಢಿ ಇವಕ್ಕಿಂತ ಹೆಚ್ಚು ನೋಯಿಸುತ್ತದೆ, ಏಕೆಂದರೆ ಅದು ಎದುರಿನವರ ಬುದ್ಧಿಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ‘ನಾನು ಹೇಳಿದ್ದು ಸ್ಪಷ್ಟವಾಯಿತೇ?’ ಎಂದರೆ ಹೊಣೆ ಹೇಳಿದವರ ಮೇಲೆಯೇ ಉಳಿಯುತ್ತದೆ.

ಇನ್ನೊಬ್ಬರನ್ನು ತಿದ್ದುವುದಾದರೆ ನಾಲ್ಕು ಜನರ ಮುಂದೆ, ಮಾತಿನ ನಡುವೆ ಬಾಯಿ ಹಾಕಬೇಡಿ. ಆಮೇಲೆ ಒಬ್ಬರೇ ಸಿಕ್ಕಾಗ ಅವರು ಆಡಿದ ಒಂದೇ ಒಂದು ವಾಕ್ಯವನ್ನೂ ಅದರ ಚಿಕ್ಕ ರೂಪವನ್ನೂ ಹೇಳಿ, ಅಲ್ಲಿಗೇ ಬಿಟ್ಟುಬಿಡಿ.